ಸಾಯೋದಕ್ಕೆ ಬೇಜಾರಿಲ್ಲ, ವಾಪಸ್ ನಡೆಯೋದಕ್ಕೆ ಬೇಜಾರು

ಲೆಕ್ಕದ_ಪುಸ್ತಕ, ಕಲಬುರಗಿ (ಮಂಗಳವಾರ, ರಾತ್ರಿ 11:40)

ಬೈಯೋರು ಬೈಯಬಹುದು, ಮೊದಲೇ ಹೇಳಿಬಿಡುತ್ತೇನೆ. ಡಾರ್ಕ್ ಸೋಲ್ಸ್ ಅನ್ನೋ ವಿಡಿಯೋ ಗೇಮ್ ನನಗೆ ಹಿಡಿಸಲಿಲ್ಲ. ಎರಡು ವಾರ ಆಡಿದೆ, ಖರೇ ಮನಸ್ಸಿಟ್ಟು ಆಡಿದೆ. ಈಗ ತಾನೇ ಡಿಸ್ಕ್ ತೆಗೆದು ಡಬ್ಬಿಯೊಳಗೆ ಇಟ್ಟು ಬಂದೆ.

ನನ್ನ ಪರಿಸ್ಥಿತಿ ಇಷ್ಟು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಈಗ ತೊಗರಿ ಬರುವ ಕಾಲ, ಮನೆ ಮುಟ್ಟುವಷ್ಟರಲ್ಲಿ ಒಂಬತ್ತು ದಾಟಿರುತ್ತದೆ. ಊಟ, ಮಗಳ ಹೋಂವರ್ಕ್ ಎಲ್ಲ ಮುಗಿದು ಟಿವಿ ರಿಮೋಟು ನನ್ನ ಕೈಗೆ ಬರೋದು ಹತ್ತೂವರೆಗೆ. ಹನ್ನೊಂದೂವರೆಗೆ ಮಲಗಲೇಬೇಕು. ಇಡೀ ದಿನದಲ್ಲಿ ನನ್ನದು ಅನ್ನೋದು ಆ ಒಂದು ತಾಸು.

ಆ ಒಂದು ತಾಸಿನಲ್ಲಿ ಏನಾಗುತ್ತದೆ ಕೇಳಿ. ಕಾಪ್ರಾ ಡೀಮನ್ ಅಂತ ಒಬ್ಬ ಬಾಸ್, ಅಂದರೆ ದೊಡ್ಡ ಶತ್ರು. ಆಡಿನ ತಲೆಬುರುಡೆ, ಎರಡೂ ಕೈಯಲ್ಲಿ ಕತ್ತಿ. ಜೊತೆಗೆ ಎರಡು ನಾಯಿ. ಜಾಗ ಎಷ್ಟು ಅಂದರೆ ನಮ್ಮ ಓಣಿಯ ಮನೆಗಳ ಹಿತ್ತಲಿನಷ್ಟು. ಮಂಜಿನ ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಕ್ಯಾಮೆರಾ ಇನ್ನೂ ಸರಿಯಾಗಿ ತಿರುಗಿರೋದಿಲ್ಲ, ನಾಯಿ ಕಚ್ಚಿರುತ್ತದೆ. ನಾಯಿ ಕಡೆ ನೋಡಿದರೆ ಕತ್ತಿ ಬೀಳುತ್ತದೆ. ಕತ್ತಿ ಕಡೆ ನೋಡಿದರೆ ಇನ್ನೊಂದು ನಾಯಿ. ನಲವತ್ತು ಸೆಕೆಂಡಿನಲ್ಲಿ ನನ್ನ ಕಥೆ ಮುಗಿದಿರುತ್ತದೆ.

ಇದಕ್ಕೆ ನನ್ನ ತಕರಾರಿಲ್ಲ. ಬಾಸ್ ಅಂದ ಮೇಲೆ ಹೊಡೆಯಲೇಬೇಕು. ಆದರೆ ಸತ್ತ ಮೇಲೆ ಏಳೋದು ಎಲ್ಲೋ ದೂರದ ಬೆಂಕಿಯ ಹತ್ತಿರ. ಅಲ್ಲಿಂದ ಮತ್ತೆ ಮೆಟ್ಟಿಲು ಇಳಿ, ಓಣಿ ಹಿಡಿ, ದಾರಿಯಲ್ಲಿ ಬೇರೆ ನಾಯಿಗಳು, ಬಾಗಿಲು ಮುರಿದುಕೊಂಡು ಮೈಮೇಲೆ ಬೀಳುವ ಕಳ್ಳರು. ನನ್ನ ವೇಗಕ್ಕೆ ಎರಡು ನಿಮಿಷ. ಒಂದು ರಾತ್ರಿ ಹಾಳೆ ಪೆನ್ನು ಹಿಡಿದು ಬರೆದೆ, ಕೆಲಸದ ಚಟ ನೋಡಿ. 20 ಸಲ ಸತ್ತಿದ್ದೆ. ಹೊಡೆದಾಟ 13 ನಿಮಿಷ. ನಡಿಗೆ 40 ನಿಮಿಷ. ಉಳಿದದ್ದು ಲೋಡಿಂಗ್.

ನಡೆಯೋದೇ ಆದರೆ ನಮ್ಮ ಊರಿನ ಅಪ್ಪನ ಕೆರೆಗೆ ಹೋಗುತ್ತಿದ್ದೆ. ಅಲ್ಲಿ ಗಾಳಿಯಾದರೂ ಇರುತ್ತದೆ.

ಈ ಬಗೆಯ ಗೇಮುಗಳನ್ನೇ ಬಿಟ್ಟುಬಿಡೋಣ ಅನ್ನಿಸಿದೆ. ನನ್ನಂಥವರು ಇನ್ನೂ ಯಾರಾದರೂ ಇದ್ದೀರಾ, ಅಥವಾ ನಾನೊಬ್ಬನೇನಾ?

ಕೋಟೆ_ಬಾಗಿಲು, ಬೀದರ್

ಬೈಯಲ್ಲ ಅಣ್ಣಾ, ಆದರೆ ಸುಮ್ಮನೆ ಒಪ್ಪಿಕೊಳ್ಳೋಕೂ ಆಗಲ್ಲ.

ಈ ಗೇಮ್ ತಾನು ಏನು ಅಂತ ಮುಚ್ಚಿಟ್ಟಿಲ್ಲ. 2009ರಲ್ಲಿ ಡೀಮನ್ಸ್ ಸೋಲ್ಸ್, 2011ರಲ್ಲಿ ಡಾರ್ಕ್ ಸೋಲ್ಸ್, ಎರಡನ್ನೂ ನಿರ್ದೇಶಿಸಿದ್ದು ಜಪಾನಿನ ಹಿದೆತಾಕ ಮಿಯಾಝಾಕಿ. 2012ರಲ್ಲಿ ಪಿಸಿಗೆ ಬಂದಾಗ ಡಬ್ಬಿಯ ಮೇಲೇ 'ಪ್ರಿಪೇರ್ ಟು ಡೈ' ಅಂತ ಬರೆದಿದ್ದರು. ಸಾಯೋಕೆ ತಯಾರಾಗಿ ಬಾ ಅಂತ ಕರೆದಿದ್ದಾರೆ. ಹೋಗಿ ಸತ್ತೆ ಅಂದರೆ ಹೆಂಗೆ?

ನೀವು ಬೇಜಾರು ಅಂತಿರೋ ಆ ನಡಿಗೆ ಇದೆಯಲ್ಲ, ನನಗೆ ಅದೇ ಗೇಮಿನ ಜೀವ. ಸತ್ತ ಜಾಗದಲ್ಲಿ ನೀವು ಗಳಿಸಿದ ಸೋಲ್ಸ್, ಅಂದರೆ ಆ ಗೇಮಿನ ದುಡ್ಡು, ಬಿದ್ದಿರುತ್ತವೆ. ಅಲ್ಲಿ ತನಕ ಜೀವ ಉಳಿಸಿಕೊಂಡು ಹೋದರೆ ವಾಪಸ್ ಸಿಗುತ್ತವೆ. ನಡುವೆ ಇನ್ನೊಂದು ಸಲ ಸತ್ತರೆ ಮುಗಿಯಿತು, ಪೂರಾ ಹೋಯಿತು. ಆ ಎರಡು ನಿಮಿಷ ಎದೆ ಢವಢವ ಅನ್ನುತ್ತಿರುತ್ತದೆ. ನಡಿಗೆ ತೆಗೆದುಬಿಟ್ಟರೆ ಸಾವಿಗೆ ಬೆಲೆಯೇ ಇರೋದಿಲ್ಲ. ಬೆಲೆ ಇಲ್ಲದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು?

ಕಾಪ್ರಾಗೆ ಒಂದು ಉಪಾಯ. ಒಳಗೆ ಹೋದ ತಕ್ಷಣ ಹೊಡೆಯೋಕೆ ನಿಲ್ಲಬೇಡಿ. ಸೀದಾ ಮೆಟ್ಟಿಲು ಹತ್ತಿ. ನಾಯಿಗಳು ಒಂದೊಂದಾಗಿ ಮೇಲೆ ಬರುತ್ತವೆ, ಅಲ್ಲೇ ಮುಗಿಸಿ. ಆಮೇಲೆ ಅವನು ಕೆಳಗೆ ಬಂದಾಗ ಮೇಲಿಂದ ಅವನ ಮೇಲೆ ಹಾರಿ ಕತ್ತಿ ಹಾಕಿ. ಮತ್ತೆ ಮೇಲೆ ಓಡಿ. ಮತ್ತೆ ಹಾರಿ.

ಶೇಂಗಾಚಟ್ನಿ, ಯಾದಗಿರಿ

ಅಣ್ಣಾ ಡಿಸ್ಕ್ ಮಾರ್ತೀರಾ? ಪಿಎಸ್ 4 ದು ತಾನೆ?

ಲೆಕ್ಕದ_ಪುಸ್ತಕ, ಕಲಬುರಗಿ

ತಡಿ ತಮ್ಮಾ. ಹೆಣ ಇನ್ನೂ ಬಿಸಿ ಇದೆ.

ಕ್ಯಾಸೆಟ್_ಕಾಕಾ, ಕಲಬುರಗಿ

ನನ್ನ ವಯಸ್ಸು ಕೇಳಬೇಡಿ. ಸೂಪರ್ ಮಾರ್ಕೆಟ್ ಕಡೆ ಒಂದು ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇತ್ತು. ತಗಡಿನ ಛತ್ತು, ಒಳಗೆ ನಾಲ್ಕು ಮಷಿನ್ನು, ಒಂದು ಫ್ಯಾನು, ಆ ಫ್ಯಾನೂ ಮಾಲೀಕನ ಕಡೆ ಮುಖ ಮಾಡಿರುತ್ತಿತ್ತು. ಮೇ ತಿಂಗಳಲ್ಲಿ ಅಲ್ಲಿ ನಿಂತು ಆಡಿದವರಿಗೆ ಯಾವ ಬಾಸೂ ದೊಡ್ಡವನಲ್ಲ.

ಗೇಮು ಇಷ್ಟು ಕಷ್ಟ ಯಾಕೆ ಇರುತ್ತಿತ್ತು ಅಂತ ಆಗ ತಿಳಿಯಲಿಲ್ಲ, ದೊಡ್ಡವನಾದ ಮೇಲೆ ತಿಳಿಯಿತು. ಒಬ್ಬ ಹುಡುಗ ಒಂದೇ ನಾಣ್ಯಕ್ಕೆ ಅರ್ಧ ತಾಸು ಆಡಿದರೆ ಮಷಿನ್ನಿಟ್ಟವನು ಉಪವಾಸ. ಹಾಗಾಗಿ ಎರಡು ಮೂರು ನಿಮಿಷದಲ್ಲಿ ಕೊಲ್ಲಬೇಕು, ಆದರೆ "ಇನ್ನೊಂದು ಸಲ ಆಡಿದ್ರೆ ಗೆಲ್ತಿದ್ದೆ" ಅನ್ನಿಸುವ ಹಾಗೆ ಕೊಲ್ಲಬೇಕು. ಅದು ವ್ಯಾಪಾರದ ಲೆಕ್ಕ. 1985ರ ಘೋಸ್ಟ್ಸ್ ಎನ್ ಗಾಬ್ಲಿನ್ಸ್ ನೋಡಿ. ಎರಡು ಏಟಿಗೆ ಸಾವು. ಕಷ್ಟಪಟ್ಟು ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ ಎರಡನೇ ಸಲ ಆಡು ಅನ್ನುತ್ತದೆ. ಆಮೇಲೇ ಖರೇ ಕೊನೆ.

ಮುಂದೆ ಆಟ ಮನೆಗೆ ಬಂತು, ಕ್ಯಾಸೆಟ್ ಬಂತು. ನಾಣ್ಯ ಹೋಯಿತು, ಆದರೆ ಆ ಕೊಲ್ಲುವ ಚಾಳಿ ಮಾತ್ರ ಹೋಗಲಿಲ್ಲ. ಕಾಂಟ್ರಾ ಎಲ್ಲರೂ ಆಡಿದ್ದೀರಿ. ಮೂರು ಜೀವ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದರೆ ಮೂವತ್ತು ಜೀವ. ಆ ಕೋಡು ಹುಟ್ಟಿದ್ದು ಕಾಂಟ್ರಾಕ್ಕಲ್ಲ, ಗ್ರೇಡಿಯಸ್ ಅನ್ನೋ ಇನ್ನೊಂದು ಗೇಮಿಗೆ. 1986ರಲ್ಲಿ ಅದನ್ನು ಮನೆಯ ಮಷಿನ್ನಿಗೆ ತರುವಾಗ ಕಝುಹಿಸಾ ಹಾಶಿಮೊಟೊ ಅನ್ನುವವರು ಕೆಲಸ ಮಾಡುತ್ತಿದ್ದರು. ಪರೀಕ್ಷೆ ಮಾಡೋಕೆ ಆಡಬೇಕಲ್ಲ, ಅವರಿಗೇ ಆಡೋಕಾಗಲಿಲ್ಲ. ಅದಕ್ಕೆ ತಮಗಾಗಿ ಒಂದು ಕಳ್ಳದಾರಿ ಇಟ್ಟುಕೊಂಡರು. 2020ರಲ್ಲಿ ತೀರಿಕೊಂಡರು ಪಾಪ. ನನ್ನ ಬಾಲ್ಯದ ಅರ್ಧ ಖುಷಿ ಆ ಮನುಷ್ಯನ ಋಣ.

ಅದಕ್ಕೇ ಹೇಳೋದು. ಮಾಡಿದವರಿಗೇ ಕಷ್ಟ ಆದದ್ದು ನಿಮಗೆ ಆದರೆ ಏನು ನಾಚಿಕೆ?

ಗೂಡಂಗಡಿ_7, ಕಲಬುರಗಿ

ಇಷ್ಟೆಲ್ಲ ಯಾಕ್ರಿ, ಯೂಟ್ಯೂಬ್‌ನಲ್ಲಿ ಬೇರೆಯವರು ಆಡೋದು ನೋಡಿ. ಮಿರ್ಚಿ ಭಜಿ ತಿನ್ನುತ್ತಾ ನೋಡಬಹುದು. ಸಾಯೋದು ಅವರು, ಎಣ್ಣೆ ಕೈ ನಮ್ಮದು.

ಎರಡನೇ_ಶಿಫ್ಟ್, ಕಲಬುರಗಿ

ನನ್ನ ತಕರಾರು ಬೇರೆ. ನಡಿಗೆ ಬಿಡಿ, ನನಗೆ ನಿಲ್ಲಿಸೋಕೆ ಒಂದು ಬಟನ್ ಬೇಕು.

ನಾನು ನರ್ಸ್. ಮಧ್ಯಾಹ್ನದ ಶಿಫ್ಟ್ ಮುಗಿಸಿ ಬಂದರೆ ರಾತ್ರಿ ಒಂಬತ್ತೂವರೆ. ಮಗನಿಗೆ ಒಂದೂವರೆ ವರ್ಷ. ಅವನು ಮಲಗಿದ ಮೇಲೆ ಸೌಂಡ್ ಇಲ್ಲದೆ ಆಡುತ್ತೇನೆ. ಡಾರ್ಕ್ ಸೋಲ್ಸ್‌ನಲ್ಲಿ ಪಾಸ್, ಅಂದರೆ ಆಟವನ್ನು ನಡುವೆ ತಡೆದು ನಿಲ್ಲಿಸೋದು, ಇಲ್ಲ. ಮೆನು ತೆರೆದರೂ ಶತ್ರು ನಡೆದುಕೊಂಡು ಬರುತ್ತಲೇ ಇರುತ್ತಾನೆ. ಒಂದು ದಿನ ಅರ್ಧ ತಾಸು ಕಷ್ಟಪಟ್ಟು ಒಂದು ಕಡೆ ಮುಟ್ಟಿದ್ದೆ. ಮಗ ಎದ್ದ. ಕಂಟ್ರೋಲರ್ ಮಂಚದ ಮೇಲೆ ಎಸೆದು ಓಡಿದೆ. ತೊಟ್ಟಿಲು ತೂಗುತ್ತಾ ಬಾಗಿಲ ಸಂದಿಯಿಂದ ನೋಡುತ್ತಿದ್ದೇನೆ, ನನ್ನ ಮನುಷ್ಯ ಸುಮ್ಮನೆ ನಿಂತಿದ್ದಾನೆ, ಒಬ್ಬ ಬಂದು ಈಟಿಯಿಂದ ನಿಧಾನಕ್ಕೆ ಚುಚ್ಚುತ್ತಿದ್ದಾನೆ. ಅವಸರವೇ ಇಲ್ಲ ಅವನಿಗೆ. ಹಾಡು ಹೇಳುತ್ತಾ ನನ್ನ ಸಾವನ್ನು ನಾನೇ ನೋಡಿದೆ.

ತಮಾಷೆ ಏನು ಅಂದರೆ ಅದೇ ಕಂಪನಿ 2019ರಲ್ಲಿ ಮಾಡಿದ ಸೆಕಿರೊದಲ್ಲಿ ಪಾಸ್ ಇದೆ. ಅಂದರೆ ಕೊಡೋಕೆ ಬರುತ್ತದೆ. ಆದರೆ ಸೆಕಿರೊ ಇನ್ನೂ ಕಷ್ಟ, ಅಲ್ಲಿ ಸುಲಭ ಅನ್ನುವ ಆಯ್ಕೆಯೇ ಇಲ್ಲ. ಆ ವರ್ಷದ ದೊಡ್ಡ ಪ್ರಶಸ್ತಿ ಬೇರೆ ಬಂತು ಅದಕ್ಕೆ.

ಕಪ್‌ಹೆಡ್ (2017) ಬಗ್ಗೆಯೂ ಸಿಟ್ಟಿದೆ. 1930ರ ದಶಕದ ಕಾರ್ಟೂನುಗಳ ಹಾಗೆ ಕೈಯಲ್ಲೇ ಬಿಡಿಸಿದ ಚಿತ್ರಗಳು. ನನ್ನ ಮಗ ಕಣ್ಣು ಮಿಟುಕಿಸದೆ ನೋಡುತ್ತಾನೆ. ಅದರಲ್ಲಿ 'ಸಿಂಪಲ್' ಅಂತ ಒಂದು ಮೋಡ್ ಇದೆ. ಅಬ್ಬಾ ಅಂತ ಅದರಲ್ಲೇ ಆಡಿ ಗೆದ್ದೆ. ಆಮೇಲೆ ಗೊತ್ತಾಯಿತು, ಸಿಂಪಲ್‌ನಲ್ಲಿ ಗೆದ್ದರೆ ಸೋತ ಬಾಸ್‌ನ ಆತ್ಮದ ಕರಾರು ಪತ್ರ ಕೊಡಲ್ಲ, ಪತ್ರಗಳಿಲ್ಲದೆ ಕೊನೆಯ ಭಾಗಕ್ಕೆ ಬಿಡಲ್ಲ. ಮದುವೆ ಮನೆಗೆ ಕರೆದು ಅಂಗಳದಲ್ಲೇ ಊಟಕ್ಕೆ ಕೂರಿಸಿದ ಹಾಗೆ.

ಸೆಲೆಸ್ಟ್ ಮಾತ್ರ ನನ್ನ ಗೇಮ್. 2018ರದು. ಅದೂ ಭಾಳ ಕಷ್ಟ, ಸುಳ್ಳು ಹೇಳಲ್ಲ. ಇಲ್ಲಿ ತನಕ 1,100ಕ್ಕೂ ಜಾಸ್ತಿ ಸಲ ಸತ್ತಿದ್ದೇನೆ, ಗೇಮೇ ಎಣಿಸಿ ತೋರಿಸುತ್ತದೆ. ಆದರೆ ಸತ್ತ ಮರುಕ್ಷಣ ಅದೇ ಸ್ಕ್ರೀನಿನಲ್ಲಿ ಮತ್ತೆ ನಿಂತಿರುತ್ತೇನೆ. ತೀರಾ ಆಗದಿದ್ದರೆ ಅಸಿಸ್ಟ್ ಮೋಡ್ ಇದೆ. ಆಟದ ವೇಗ ಕಡಿಮೆ ಮಾಡಬಹುದು, ಸುಸ್ತಾಗದ ಹಾಗೆ ಮಾಡಬಹುದು, ಬೇಕಿದ್ದರೆ ಸಾಯದ ಹಾಗೂ ಮಾಡಬಹುದು. ನಾನು ಎರಡೇ ಕಡೆ ವೇಗ ಇಳಿಸಿದೆ. ಯಾರೂ ನನ್ನನ್ನು ಅಂಗಳದಲ್ಲಿ ಕೂರಿಸಲಿಲ್ಲ.

ವಾರ್ಡಿನಲ್ಲಿ ಎಂಟು ತಾಸು ಒಂದು ತಪ್ಪೂ ಆಗಬಾರದು ಅಂತ ಮೈಯೆಲ್ಲ ಕಣ್ಣಾಗಿ ಇರುತ್ತೇನೆ. ಮನೆಯಲ್ಲೂ ಯಾರೋ ತಪ್ಪು ಹಿಡಿಯೋಕೆ ಕೂತಿದ್ದರೆ ತಲೆ ಕೆಡುತ್ತದೆ.

ಕೋಟೆ_ಬಾಗಿಲು, ಬೀದರ್

ಅಕ್ಕಾ, ಪಾಸ್ ವಿಷಯದಲ್ಲಿ ನಿಮ್ಮ ಕಡೆಯೇ ನಾನು. ಅದಕ್ಕೆ ಸಮರ್ಥನೆ ಇಲ್ಲ. ಎಲ್ಡನ್ ರಿಂಗ್ ಆಡಿದರೆ ಒಂದು ಕಳ್ಳದಾರಿ ಇದೆ. ಮೆನು ತೆರೆದು ಸಾಮಾನಿನ ಪಟ್ಟಿಗೆ ಹೋಗಿ ಸಹಾಯದಲ್ಲಿ 'ಮೆನು ಎಕ್ಸ್‌ಪ್ಲನೇಶನ್' ಒತ್ತಿದರೆ ಗೇಮ್ ನಿಂತುಬಿಡುತ್ತದೆ. ತೊಟ್ಟಿಲು ತೂಗಿ ಬರಬಹುದು.

ಆದರೆ ವೇಗ ಇಳಿಸೋದು, ಸಾಯದ ಹಾಗೆ ಮಾಡೋದು ಎಲ್ಲ ಗೇಮಿಗೂ ಬರಲಿ ಅಂದರೆ ಒಪ್ಪಲ್ಲ. ನನ್ನ ಕೈಯಲ್ಲಿ ಆ ಬಟನ್ ಇದ್ದರೆ ನಾನೂ ಒತ್ತುತ್ತಿದ್ದೆ. ಎಲ್ಡನ್ ರಿಂಗ್‌ನ ಮಾರ್ಗಿಟ್ ಅನ್ನೋ ಬಾಸ್ ಹತ್ತಿರ ಮೂರು ದಿನ ಒದ್ದಾಡಿದ್ದೇನೆ. ಎರಡನೇ ದಿನ ರಾತ್ರಿ ಖಂಡಿತ ಒತ್ತುತ್ತಿದ್ದೆ. ಬಟನ್ ಇಲ್ಲದ್ದಕ್ಕೇ ಮೂರನೇ ದಿನ ಗೆದ್ದೆ.

ಎರಡನೇ_ಶಿಫ್ಟ್, ಕಲಬುರಗಿ

ನಿಮಗೆ ಮೂರನೇ ದಿನ ಇತ್ತು, ಗೆದ್ದಿರಿ. ನನಗೆ ಮೂರನೇ ದಿನ ನೈಟ್ ಡ್ಯೂಟಿ.

ಹೇಡಿಸ್ ಆಡಿ ನೋಡಿ, 2020ರದು. ಅದರಲ್ಲಿ ಗಾಡ್ ಮೋಡ್ ಅಂತ ಇದೆ. ಆನ್ ಮಾಡಿದರೆ ಏಟು 20% ಕಡಿಮೆ ಬೀಳುತ್ತದೆ. ಒಂದೊಂದು ಸಲ ಸತ್ತಾಗಲೂ ಇನ್ನೂ 2% ಸೇರುತ್ತದೆ, 80% ತನಕ. ಸಾಯುತ್ತಾ ಸಾಯುತ್ತಾ ಗಟ್ಟಿಯಾಗುತ್ತೀರಿ. ಬೇಡದವರು ಮುಟ್ಟಬೇಡಿ. ನಾನು ಆನ್ ಮಾಡಿದರೆ ನಿಮ್ಮ ಟಿವಿಯಲ್ಲಿ ಏನು ಬದಲಾಗುತ್ತದೆ?

ವೈರ್‌ಮನ್, ಶಹಾಬಾದ್

ನೀವೆಲ್ಲ ದೊಡ್ಡ ದೊಡ್ಡ ಮಾತಾಡುತ್ತಿದ್ದೀರಿ, ನಾನು ಸಣ್ಣ ಪ್ರಶ್ನೆ ಕೇಳುತ್ತೇನೆ. ಮೊದಲನೇ ಅಣ್ಣಾ, ನಿಮ್ಮ ಟಿವಿಯಲ್ಲಿ ಗೇಮ್ ಮೋಡ್ ಆನ್ ಇದೆಯಾ?

ಯಾಕೆ ಕೇಳಿದೆ ಅಂದರೆ, ಟಿವಿ ಬರುವ ಚಿತ್ರವನ್ನು ಹಾಗೇ ತೋರಿಸಲ್ಲ. ಬಣ್ಣ ತಿದ್ದುತ್ತದೆ, ನುಣುಪು ಮಾಡುತ್ತದೆ, ಆಮೇಲೆ ತೋರಿಸುತ್ತದೆ. ಧಾರಾವಾಹಿ ನೋಡುವಾಗ ಗೊತ್ತಾಗಲ್ಲ. ಗೇಮಿನಲ್ಲಿ ಒಂದು ಸೆಕೆಂಡಿಗೆ 60 ಚಿತ್ರ ಬರುತ್ತವೆ, ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡು. ಟಿವಿ 100 ಮಿಲಿಸೆಕೆಂಡು ತಡ ಮಾಡಿದರೆ ನೀವು ಆರು ಚಿತ್ರ ಹಿಂದೆ ಇದ್ದೀರಿ. ಕತ್ತಿ ಬಿದ್ದಾಗಿದೆ, ನಿಮಗೆ ಇನ್ನೂ ಎತ್ತುತ್ತಿರೋದು ಕಾಣುತ್ತಿದೆ. ರಿಪೇರಿಗೆ ಹೋದ ಮನೆಗಳಲ್ಲಿ ಹುಡುಗರು "ಕಂಟ್ರೋಲರ್ ಕೆಟ್ಟಿದೆ" ಅಂತಾರೆ. ಎಷ್ಟೋ ಸಲ ಕೆಟ್ಟಿರಲ್ಲ, ಸೆಟ್ಟಿಂಗ್ ತಪ್ಪಿರುತ್ತದೆ.

ಸೆಟ್ಟಿಂಗ್ಸ್, ಪಿಕ್ಚರ್, ಗೇಮ್ ಮೋಡ್. ಒಂದು ಪೈಸೆ ಖರ್ಚಿಲ್ಲ.

ಬೆಳ್ಳಿತಂತಿ, ಬೀದರ್

ನಮ್ಮದು ಬಿದರಿ ಕೆಲಸದ ಮನೆ. ಅಪ್ಪ ಮಾಡುತ್ತಾರೆ, ನಾನು ಅರ್ಧ ಕಲಿತು ಬೇರೆ ಕೆಲಸಕ್ಕೆ ಹೋದವನು. ಇಲ್ಲಿ ಕಷ್ಟ, ಕಲಿಕೆ ಅಂತೆಲ್ಲ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ಬಿದರಿ ಸಾಮಾನು ಸತುವಿನದು, ಸ್ವಲ್ಪ ತಾಮ್ರ ಸೇರಿಸಿರುತ್ತಾರೆ. ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕಪ್ಪಿನ ಮೇಲೆ ಗೆರೆ ಬಿಳಿಯಾಗಿ ಕಾಣುತ್ತದೆ. ಆಮೇಲೆ ಉಳಿಯಿಂದ ಹೂಬಳ್ಳಿ ಕೊರೆಯಬೇಕು. ಕೊರೆದ ಸಂದಿಗೆ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸಬೇಕು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿದ ನೀರಿನಲ್ಲಿ ಬಿಸಿ ಮಾಡಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ.

ನಾನು ಹನ್ನೆರಡು ವರ್ಷದವನಿದ್ದಾಗ ಉಳಿ ಜಾರಿ ಒಂದು ಎಲೆ ಹಾಳು ಮಾಡಿದೆ. ಒಂದು ವಾರ ಅದೇ ಎಲೆ. ಅಪ್ಪ ಒಂದು ಬೇಡಾದ ತುಂಡು ಕೊಟ್ಟು ಅದರ ಮೇಲೆ ಎಲೆ, ಎಲೆ, ಎಲೆ ಅಂತ ಕೊರೆಸಿದರು. ಸಿಟ್ಟು ಬಂದರೆ ತಲೆ ಮೇಲೆ ಮೊಟಕುತ್ತಿದ್ದರು, ಅದು ಬೇರೆ. ಆದರೆ ಎಲೆ ತಪ್ಪಿದ್ದಕ್ಕೆ ಹೋಗಿ ಮತ್ತೆ ಎರಕದಿಂದ ಶುರು ಮಾಡು ಅನ್ನಲಿಲ್ಲ. ಎರಕ ನನಗೆ ಬರುತ್ತಿತ್ತು. ಬರದಿದ್ದದ್ದು ಎಲೆ.

ಹಾಗಾಗಿ ಲೆಕ್ಕದ ಅಣ್ಣನ ತಕರಾರು ಸರಿ ಅನ್ನಿಸುತ್ತದೆ. ಬಾಸ್ ಬರಲ್ಲ ಅಂದರೆ ಬಾಸ್ ಹತ್ತಿರವೇ ಕೂರಿಸಬೇಕು.

ಆದರೂ ಒಂದು ಮಾತು. ನನಗೆ ಸೋಲ್ಸ್ ಗೇಮುಗಳು ಇಷ್ಟ. ಅವುಗಳಲ್ಲಿ ನಾನು ಬಾಸ್‌ಗಿಂತ ಗೋಡೆಗಳನ್ನೇ ಜಾಸ್ತಿ ನೋಡುತ್ತೇನೆ. ಪಾಳುಬಿದ್ದ ಕೋಟೆ, ಮುರಿದ ಮೆಟ್ಟಿಲು. ನಮ್ಮ ಊರಿನ ಕೋಟೆಯಲ್ಲಿ ಸಂಜೆ ಗೇಟು ಹಾಕುವ ಹೊತ್ತಿಗೆ ಒಬ್ಬನೇ ನಡೆದರೆ ಹೇಗಿರುತ್ತದೋ ಹಾಗೆ. ನನಗೆ ಆ ನಡಿಗೆ ಬೇಕು. ಇದಕ್ಕೂ ಮೇಲೆ ಬರೆದದ್ದಕ್ಕೂ ತಾಳೆಯಾಗಲ್ಲ ಅಂತ ಗೊತ್ತು.

ಲೆಕ್ಕದ_ಪುಸ್ತಕ, ಕಲಬುರಗಿ (ಗುರುವಾರ, ರಾತ್ರಿ 11:15)

ಎರಡು ದಿನ ಮಿಲ್ಲಿನಲ್ಲಿ ತಲೆ ಎತ್ತೋಕೆ ಆಗಲಿಲ್ಲ. ಈಗ ಎಲ್ಲ ಓದಿದೆ.

ವೈರ್‌ಮನ್ ಅವರೇ, ಗೇಮ್ ಮೋಡ್ ಆಫ್ ಇತ್ತು. ಆನ್ ಮಾಡಿದೆ. ನಾಲ್ಕು ವರ್ಷದಿಂದ ಈ ಟಿವಿ ಇದೆ ನಮ್ಮ ಮನೆಯಲ್ಲಿ. ಹತ್ತು ನಿಮಿಷ ಆಡಿ ನೋಡಿದೆ, ಗುರಾಣಿ ಎತ್ತಿದ ತಕ್ಷಣ ಎತ್ತುತ್ತದೆ. ನನಗೆ ವಯಸ್ಸಾಯಿತು, ಕೈ ನಿಧಾನ ಆಯಿತು ಅಂತ ಅಂದುಕೊಂಡಿದ್ದೆ. ನಿಮಗೆ ಒಂದು ತಟ್ಟೆ ತಹರಿ ಬಾಕಿ.

ಕೋಟೆ ಬಾಗಿಲು ತಮ್ಮಾ, ನಡಿಗೆ ತೆಗೆದರೆ ಜೀವವೇ ಹೋಗುತ್ತದೆ ಅಂದಿರಿ. ಅದನ್ನು ಮಾಡಿದ ಕಂಪನಿಗೇ ಹಾಗನ್ನಿಸಿಲ್ಲ. 2022ರಲ್ಲಿ ಎಲ್ಡನ್ ರಿಂಗ್ ತಂದಾಗ ಎಷ್ಟೋ ಬಾಸ್‌ಗಳ ಹತ್ತಿರವೇ ಮರಿಕಾ ಹೆಸರಿನ ಒಂದು ಸಣ್ಣ ಮೂರ್ತಿ ನಿಲ್ಲಿಸಿದರು. ಸತ್ತರೆ ಅಲ್ಲೇ ಏಳಬಹುದು. ಆ ಗೇಮು ಸಪ್ಪೆ ಆಯಿತು ಅಂತ ನೀವೂ ಹೇಳಲ್ಲ. ಅದೇ ಗೇಮಿನಲ್ಲೇ ಅಲ್ವಾ ನೀವು ಮೂರು ದಿನ ಒದ್ದಾಡಿದ್ದು.

ಇನ್ನೊಂದು ಕಡೆ ನೋಡಿ. ಹಾಲೋ ನೈಟ್ ನನಗೆ ಇಷ್ಟ ಆಗಿತ್ತು, ಖರೇ. ಅದರ ಮುಂದಿನ ಭಾಗ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್‌ನಲ್ಲಿ ಬಂತು. ತಮ್ಮನ ಮಗನ ಮನೆಯಲ್ಲಿ ಆಡಿದೆ. ಶುರುವಿನಲ್ಲೇ ಕೆಲವು ಶತ್ರುಗಳ ಒಂದು ಏಟಿಗೆ ಜೀವದ ಪಟ್ಟಿಯಲ್ಲಿ ಎರಡು ತುಂಡು ಹೋಗುತ್ತವೆ. ಲಾಸ್ಟ್ ಜಡ್ಜ್ ಅಂತ ಒಬ್ಬ ಬಾಸ್, ಅವನ ತನಕ ಹಾರಿ ಹತ್ತಿ ಹೋಗೋದೇ ಒಂದು ದಂಡಯಾತ್ರೆ. ಕೆಲವು ಕಡೆ ಕೂತು ಸುಧಾರಿಸಿಕೊಳ್ಳುವ ಬೆಂಚಿಗೂ ದುಡ್ಡು ಹಾಕಬೇಕು. ಬಸ್ ಸ್ಟ್ಯಾಂಡಿನಲ್ಲಿ ಕೂರೋಕೆ ದುಡ್ಡು ಕೇಳಿದರೆ ನಾವು ಸುಮ್ನೆ ಇರ್ತೀವಾ? ಜನ ಗಲಾಟೆ ಮಾಡಿದರು. ಮೊದಲ ಪ್ಯಾಚಿನಲ್ಲೇ, ಅಂದರೆ ತಿದ್ದುಪಡಿಯಲ್ಲೇ, ಶುರುವಿನ ಎರಡು ಬಾಸ್‌ಗಳನ್ನು ಸ್ವಲ್ಪ ಮೆತ್ತಗೆ ಮಾಡಿದರು.

ಸಿಸ್ಟರ್ ಹೇಳಿದ ಸೆಲೆಸ್ಟ್ ನಾನೂ ಆಡಿದ್ದೇನೆ. ಅಲ್ಲೂ ಲೆಕ್ಕವಿಲ್ಲದಷ್ಟು ಸತ್ತೆ. ಒಂದು ದಿನವೂ ಸಿಟ್ಟು ಬರಲಿಲ್ಲ. ಇದಕ್ಕೇ ನನಗೆ ತಿಳಿದದ್ದು, ನನಗೆ ಕಷ್ಟದ ಮೇಲೆ ದ್ವೇಷ ಇಲ್ಲ. ನನ್ನ ತಾಸಿನೊಳಗಿಂದ ನಿಮಿಷ ಕದಿಯೋದರ ಮೇಲೆ ದ್ವೇಷ.

ಅದಕ್ಕೇ ರೋಗ್‌ಲೈಕ್ ಕೂಡ ನನಗೆ ಆಗಿಬರಲ್ಲ. 1980ರಲ್ಲಿ ರೋಗ್ ಅಂತ ಒಂದು ಗೇಮ್ ಬಂತು, ಸತ್ತರೆ ಎಲ್ಲ ಹೋಯಿತು, ಮೊದಲಿಂದ ಶುರು. ಅವತ್ತಿನಿಂದ ಅದೇ ಒಂದು ವಂಶ ಆಗಿದೆ. ನಲವತ್ತು ನಿಮಿಷ ಸಾಮಾನು ಕೂಡಿಸಿಕೊಂಡು ಬಂದು, ಒಂದು ತಪ್ಪಿಗೆ ಬರಿಗೈ. ಹೇಡಿಸ್‌ನಲ್ಲಿ ಸತ್ತರೂ ಕಥೆ ಮುಂದೆ ಹೋಗುತ್ತದೆ ಅಂತಾರೆ, ನೋಡುತ್ತೇನೆ.

ಇವೆಲ್ಲದರಲ್ಲಿ ಗೆಟ್ಟಿಂಗ್ ಓವರ್ ಇಟ್ ಒಂದನ್ನು ಮಾತ್ರ ನಾನು ಮೆಚ್ಚಿದೆ, ಆಡಿದ ಖುಷಿಗೆ ಅಲ್ಲ, ಅದರ ಪ್ರಾಮಾಣಿಕತೆಗೆ. 2017ರದು, ಬೆನೆಟ್ ಫಾಡಿ ಮಾಡಿದ್ದು. ಹಂಡೆಯೊಳಗೆ ಸೊಂಟದ ತನಕ ಮುಳುಗಿದ ಒಬ್ಬ ಮನುಷ್ಯ, ಕೈಯಲ್ಲಿ ಸುತ್ತಿಗೆ. ಅದನ್ನು ಊರುತ್ತಾ ಬೆಟ್ಟ ಹತ್ತಬೇಕು. ಜಾರಿದರೆ ಎಷ್ಟೋ ಸಲ ಬುಡಕ್ಕೇ. ನಿನ್ನನ್ನು ನೋಯಿಸೋಕೇ ಮಾಡಿದ್ದು ಅಂತ ನೇರವಾಗಿ ಹೇಳುತ್ತದೆ. ಮಗಳು ಪಕ್ಕದಲ್ಲಿ ಕೂತು ಅರ್ಧ ತಾಸು ನೋಡಿದಳು. ನಾನು ಒಂದಷ್ಟು ಮೇಲೆ ಹೋಗಿ ಮೂರನೇ ಸಲ ಜಾರಿ ಬಿದ್ದಾಗ ಕೇಳಿದಳು, "ಅಪ್ಪಾ, ಇವನು ಹಂಡೆಯಿಂದ ಯಾಕೆ ಇಳಿಯಲ್ಲ?"

ಉತ್ತರ ಇರಲಿಲ್ಲ. ಟಿವಿ ಆರಿಸಿದೆ.

ಕ್ಯಾಸೆಟ್_ಕಾಕಾ, ಕಲಬುರಗಿ

ಕೂಸಿಗೆ ನನ್ನ ಕಡೆಯಿಂದ ಒಂದು ಹಿಡಿ ಸಿಹಿ ಮಾಲ್ದಿ.

ಕೋಟೆ_ಬಾಗಿಲು, ಬೀದರ್

ಮರಿಕಾ ಮೂರ್ತಿ ವಿಷಯದಲ್ಲಿ ಸಿಕ್ಕಿಬಿದ್ದೆ, ಒಪ್ಪಿದೆ. ಆದರೂ ಅಣ್ಣಾ, ಒಂದೇ ಒಂದು ಕೇಳಿಕೊಳ್ಳುತ್ತೇನೆ. ಮಾರುವ ಮೊದಲು ಕಾಪ್ರಾನನ್ನು ಒಂದು ಸಲ ಕೊಂದು ಮಾರಿ. ಗೇಮ್ ಮೋಡ್ ಈಗ ಆನ್ ಇದೆ. ಮೆಟ್ಟಿಲು ಮರೆಯಬೇಡಿ. ಗೆದ್ದಾಗ ಏನನ್ನಿಸಿತು ಅಂತ ಬಂದು ಬರೆಯಿರಿ. ಆಮೇಲೆ ನಿಮ್ಮ ಮಾತೇ ಕೊನೆ.

ಶೇಂಗಾಚಟ್ನಿ, ಯಾದಗಿರಿ

ಬೇಗ ಕೊಲ್ಲಿ ಅಣ್ಣಾ. ನಾನು ಸೋಮವಾರ ಪರೀಕ್ಷೆಗೆ ಕಲಬುರಗಿಗೆ ಬರುತ್ತಿದ್ದೇನೆ.

ಲೆಕ್ಕದ_ಪುಸ್ತಕ, ಕಲಬುರಗಿ (ಭಾನುವಾರ, ಮಧ್ಯಾಹ್ನ 3:20)

ಕೊಂದೆ.

ಮನೆಯವರು ಊಟ ಮಾಡಿ ಮಲಗಿದ್ದರು. ನಾಲ್ಕನೇ ಪ್ರಯತ್ನ. ಮಂಜಿನ ಬಾಗಿಲು ದಾಟಿದ ತಕ್ಷಣ ಗುರಾಣಿ ಎತ್ತಿಕೊಂಡೇ ಮೆಟ್ಟಿಲ ಕಡೆ ಓಡಿದೆ. ಮೊದಲ ನಾಯಿ ಮೂರನೇ ಮೆಟ್ಟಿಲಿನಲ್ಲೇ ಸಿಕ್ಕಿತು. ಎರಡನೇದು ಬರಲು ತಡ ಮಾಡಿತು, ಅಷ್ಟರಲ್ಲಿ ಕಾಪ್ರಾನೇ ಮೇಲೆ ಬಂದ. ಹಾರಿ ಕೆಳಗೆ ಬಿದ್ದೆ, ನಾಯಿಯನ್ನು ಮುಗಿಸಿದೆ, ಮತ್ತೆ ಮೇಲೆ. ಆಮೇಲೆ ನೀವು ಹೇಳಿದ ಹಾಗೆ ಹಾರೋದು, ಹೊಡೆಯೋದು, ಓಡೋದು. ಕೊನೆ ಏಟಿಗೆ ನನ್ನ ಜೀವದ ಪಟ್ಟಿ ಉಗುರಿನಷ್ಟು ಉಳಿದಿತ್ತು. ಅಂಗೈ ಬೆವರಿ ಕಂಟ್ರೋಲರ್ ಜಾರುತ್ತಿತ್ತು, ಲುಂಗಿಗೆ ಒರೆಸಿಕೊಂಡೆ.

ಏನನ್ನಿಸಿತು ಅಂತ ಕೇಳಿದ್ದಿರಿ. ಖರೇ ಹೇಳುತ್ತೇನೆ. ಮಾರ್ಚ್ ಕೊನೆಯಲ್ಲಿ ಒಂದು ಲೆಕ್ಕ ಟ್ಯಾಲಿ ಆಗಲ್ಲ. ಮೂರು ದಿನ ಹುಡುಕುತ್ತೇನೆ. ಎಲ್ಲೋ ಒಂದು ಚೀಟಿಯಲ್ಲಿ 69 ಬರೆಯೋ ಕಡೆ 96 ಬರೆದಿರುತ್ತಾರೆ. ಅದು ಸಿಕ್ಕಾಗ ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತೇನಲ್ಲ, ಹಾಗೇ ಅನ್ನಿಸಿತು. ಕೂಗಲಿಲ್ಲ, ಕುಣಿಯಲಿಲ್ಲ. ಉಸಿರು ಬಿಟ್ಟೆ. ನೀರು ಕುಡಿದೆ.

ಕೋಟೆ_ಬಾಗಿಲು, ಬೀದರ್

ಅದೇ ಅಣ್ಣಾ! ಅದೇ! ಅದನ್ನೇ ಎಲ್ಲರೂ ಹುಡುಕಿಕೊಂಡು ಬರೋದು ಈ ಗೇಮಿಗೆ. ನಿಮಗೆ ಸಿಕ್ಕಿಬಿಟ್ಟಿತು, ಈಗ ಮಾರಬೇಡಿ.

ಲೆಕ್ಕದ_ಪುಸ್ತಕ, ಕಲಬುರಗಿ

ತಮ್ಮಾ, ಆ ಖುಷಿಗೆ ನನಗೆ ಮಿಲ್ಲಿನವರು ಸಂಬಳ ಕೊಡುತ್ತಾರೆ.

ಯಾದಗಿರಿ ಹುಡುಗನೇ, ಸೋಮವಾರ ಸಂಜೆ ಆರಕ್ಕೆ ಸ್ಟೇಷನ್ ಹೊರಗೆ ಚಹಾ ಅಂಗಡಿ ಹತ್ತಿರ ಬಾ. 900 ರೂಪಾಯಿ ಕೊಡು. ಪರೀಕ್ಷೆ ಮುಗಿಯುವ ತನಕ ಡಬ್ಬಿ ತೆರೆಯಲ್ಲ ಅಂತ ಮಾತು ಕೊಟ್ಟರೆ 800.

ಶೇಂಗಾಚಟ್ನಿ, ಯಾದಗಿರಿ

900 ಕೊಡ್ತೀನಿ ಅಣ್ಣಾ.

ಎರಡನೇ_ಶಿಫ್ಟ್, ಕಲಬುರಗಿ

😂 ಲೆಕ್ಕದ ಅಣ್ಣಾ, ಆ ದುಡ್ಡಿಗೆ ಹೇಡಿಸ್ ತಗೊಳ್ಳಿ. ಪಾಸ್ ಬಟನ್ ಇದೆ.

ಶೇಂಗಾಚಟ್ನಿ, ಯಾದಗಿರಿ (ಮಂಗಳವಾರ, ರಾತ್ರಿ 1:05)

ಅಣ್ಣಾ ಮಲಗಿದ್ದೀರಾ? ಡಿಸ್ಕ್ ಚೆನ್ನಾಗಿದೆ, ಥ್ಯಾಂಕ್ಸ್. ಮೊದಲನೇ ಜಾಗದಲ್ಲೇ ಒಬ್ಬ ದಪ್ಪ ರಾಕ್ಷಸ ಮೇಲಿಂದ ಹಾರಿ ಬಂದ, ಕೈಯಲ್ಲಿ ದೊಡ್ಡ ಗದೆ. ನನ್ನ ಹತ್ತಿರ ಇರೋದು ಕತ್ತಿಯ ಹಿಡಿ, ಮುಂದಿನ ತುಂಡೇ ಇಲ್ಲ. ಒಂಬತ್ತು ಸಲ ಸತ್ತೆ. ಅವನ ಜೀವ ಕೂದಲೆಳೆಯಷ್ಟೂ ಇಳಿದಿಲ್ಲ. ಎಲ್ಲಿ ಹೊಡೆಯಬೇಕು?

ಲೆಕ್ಕದ_ಪುಸ್ತಕ, ಕಲಬುರಗಿ (ಮಂಗಳವಾರ, ರಾತ್ರಿ 1:09)

ಹೊಡೆಯಬೇಡ ತಮ್ಮಾ. ಪಕ್ಕದಲ್ಲಿ ಒಂದು ಬಾಗಿಲು ತೆರೆದಿದೆ, ನೋಡು. ಓಡು.